ನಾನು ಹಾಡದ ಐದನೆಯ ನುಡಿ

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತಾ ಹಾಡಿಕೊಳ್ಳುವುದು ನನ್ನ ರೂಢಿ. ಹೆಚ್ಚಾಗಿ ಅದೇ ಹಾಡು, ಜಗಳೂರಿನ ನಮ್ಮ ಮನೆಯಲ್ಲಿ ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದದ್ದು. ತಂಗಿಯನ್ನು ತವರಿಗೆ ಕರೆದೊಯ್ಯಲು ಅಣ್ಣ ಬರುತ್ತಿದ್ದಾನೆ. ಒಂದು ನುಡಿಯಲ್ಲಿ ಗುಡ್ಡ ದಾಟುತ್ತಾನೆ, ಆಮೇಲೆ ಕೆರೆ ಏರಿ, ಆಮೇಲೆ ಬೇಲಿ, ನಾಲ್ಕನೆಯದರಲ್ಲಿ ಬಾಗಿಲ ಮುಂದಿನ ಅಂಗಳ. ನನಗೆ ಗೊತ್ತಿದ್ದದ್ದು ಅಷ್ಟೇ. ಐದನೆಯದು ಮದುವೆಯಾದ ಮೇಲೆ ಕಲಿಯುವುದು ಅಂತ ಅವ್ವ ಹೇಳಿದ್ದಳು. ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಳು. ಕಲಿತಿದ್ದವಳು ಅಕ್ಕ. ಆಕೆಯೂ ತೀರಿಕೊಂಡು ಆರು ವರ್ಷ.

ಬ್ಲೌಸ್ ಹೊಲಿಸಲು ಬರುತ್ತಿದ್ದ, ಇಲ್ಲಿನ ಕಾಲೇಜಿನ ಇಂಗ್ಲಿಷ್ ಮೇಡಂ ಒಬ್ಬರು ನನ್ನ ಹಾಡನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿನಲ್ಲಿ ಎಲ್ಲೋ ಹಾಕಿದ್ದರು. ಕೆಲವು ತಿಂಗಳಾದ ಮೇಲೆ ಓಡಿಬಂದರು.

"ನಿಮ್ಮ ದನಿ ಬೇಕಂತ್ರೀ, ಹೊರದೇಶದ ಬ್ಯಾಂಡಿನೋರಿಗೆ. ಆದ್ರೆ ಆ ಬ್ಯಾಂಡಲ್ಲಿ ಮನುಷ್ಯರ ಮುಖಾನೇ ಇಲ್ಲ."

ನಿಜವಾಗಿಯೂ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಬಂದದ್ದು ನಾಲ್ಕು ಚಿತ್ರಗಳು. ಒಬ್ಬಳಿಗೆ ನೀಲಿ ಕೂದಲು, ಒಬ್ಬನಿಗೆ ನರಿಯ ಕಿವಿ. ಬಾಯಿ ಆಡುತ್ತಿತ್ತು, ಕಣ್ಣು ಮಿಟುಕುತ್ತಿತ್ತು. ಆ ಚಿತ್ರಗಳ ಹಿಂದಿರುವವರು ಯಾರು, ಯಾವ ಊರಿನವರು ಅಂತ ಮೇಡಂಗೂ ಗೊತ್ತಿಲ್ಲ. ಅವರನ್ನು ಯಾರೂ ನೋಡಿಲ್ಲವಂತೆ. ನನಗೂ ಒಂದು ಚಿತ್ರ ಮಾಡಿದ್ದರು: ಮೂಗುತಿ ಇಟ್ಟ ಹೆಂಗಸು, ಹೊಲಿಗೆ ಮಷಿನ್ನಿನ ಮುಂದೆ ಕೂತು ನಗುತ್ತಿದ್ದಳು.

ಹೊನ್ನಾಳಿಯಲ್ಲಿ ಮೇಡಂ ಮನೆಯ ಕೋಣೆಯಲ್ಲಿ ಹಾಡಿದೆ. ಮಧ್ಯಾಹ್ನ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ದನಿ ಗುಂಯ್‌ಗುಡದಿರಲಿ ಅಂತ ಗೋಡೆಗೆಲ್ಲ ಹಳೆ ಸೀರೆಯ ಕೌದಿ ತೂಗುಹಾಕಿದ್ದರು. ನಾಲ್ಕು ನುಡಿ ಹಾಡಿ "ಸಾಕೇನ್ರೀ?" ಅಂದೆ. "ಸಾಕು, ಚಹಾ ತರ್ತೀನಿ ಇರ್ರಿ," ಅಂತ ಅವರು ಎದ್ದು ಹೋದರು. ನಾನು ಬೆವರು ಒರೆಸಿಕೊಂಡು ಕೌದಿಯ ಹೊಲಿಗೆ ನೋಡುತ್ತಾ ಕೂತಿದ್ದೆ. ಬಾಯಿ ತೆರೆದ ನೆನಪಿಲ್ಲ.

ಹಾಡು ಹೊರಬಂದ ದಿನ ಮೇಡಂ ಅಂಗಡಿಗೆ ಬಂದು ಫೋನನ್ನು ಮಷಿನ್ನಿಗೆ ಒರಗಿಸಿದರು. ಡ್ರಮ್ಮು, ಯಾವುದೋ ಭಾಷೆಯಲ್ಲಿ ನೀಲಿ ಕೂದಲಿನವಳ ಹಾಡು, ನಡುನಡುವೆ ನನ್ನ ನುಡಿಗಳು. ಚೆನ್ನಾಗಿತ್ತು. ನಾಚಿಕೆಯೂ ಆಯಿತು. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ಒಂದೇ ದನಿ ಉಳಿಯಿತು. ನನ್ನದೇ ದನಿ.

ಅಂಗಳಕೆ ಬಂದಾನ ಅಣ್ಣಯ್ಯ ನಗುನಗುತ
ತಂಗೀಗೆ ತಂದಾನ ಹಸಿರ್ಬಳೆ, ಬಂದವನ
ಹಿಂದಿಲ್ಲ ಮುಂದಿಲ್ಲ ನೆರಳಿಲ್ಲ

ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ತಿಳಿಯಿತು.

"ಇದು ನಾ ಹಾಡಿಲ್ರೀ ಮೇಡಂ. ಇದು ನನಗೆ ಬರಾಕೇ ಬರಲ್ಲ."

"ಮತ್ಯಾರು? ನಿಮ್ಮದೇ ದನಿ ಅಲ್ವಾ?"

ಕಂಪ್ಯೂಟರಿನವರು ಏನೋ ಮಾಡಿರಬೇಕು ಅಂತ ಇಬ್ಬರೂ ಅಂದುಕೊಂಡೆವು. ಕೇಳಿದ್ದಕ್ಕೆ ಬ್ಯಾಂಡಿನವರು ಸೋಜಿಗಪಟ್ಟರು: ನಮಗೆ ಕನ್ನಡವೇ ಬಾರದು, ಪದ ಎಲ್ಲಿಂದ ಕಟ್ಟೋಣ? ಮೇಡಂ ಕಳಿಸಿದ್ದ ಧ್ವನಿಯನ್ನೇ ತಿರುಗಿ ಕಳಿಸಿದರು. ಅದರಲ್ಲಿ ನನ್ನ "ಸಾಕೇನ್ರೀ", ಬಾಗಿಲ ಸದ್ದು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಆ ನುಡಿ. ಚಹಾಕ್ಕೆ ಎದ್ದಾಗ ಮೇಡಂ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ, ಆಮೇಲೆ ಕೊನೆಯವರೆಗೂ ಕೇಳದೆ ಕಳಿಸಿಬಿಟ್ಟಿದ್ದರು.

ಮತ್ತೊಮ್ಮೆ ವಿಡಿಯೋ ಕಾಲ್ ಆಯಿತು. ನರಿಕಿವಿಯವನು ಏನೋ ಕೇಳಿದ. ಮೇಡಂ ಕನ್ನಡದಲ್ಲಿ ಹೇಳಲು ತಡವರಿಸಿದರು.

"ಆ ಕೊನೇ ನುಡೀಲಿ ಉಸಿರು ಎಳೆದುಕೊಳ್ಳೋ ಸದ್ದು ಎರಡು ಕೇಳ್ತಾವಂತೆ. ಕೋಣೇಲಿ ಇನ್ನೊಬ್ರು ಯಾರಿದ್ರು ಅಂತ ಕೇಳ್ತಿದಾನೆ."

ಕೇಳಿ ಮುಗಿದ ಮೇಲೂ ಪರದೆಯ ಮೇಲಿನ ನಾಲ್ಕೂ ಮುಖ ನಗುತ್ತಲೇ ಇದ್ದವು. ನಗುವಂತೆಯೇ ಬರೆದಿದ್ದರಲ್ಲ, ನಗದೆ ಏನು ಮಾಡಿಯಾವು. ನಾನು ಫೋನನ್ನು ಬೋರಲು ಹಾಕಿದೆ.

ಮರುವಾರ ಜಗಳೂರಿಗೆ ಹೋದೆ. ಆ ಹಾಡು ಗೊತ್ತಿದ್ದವರಲ್ಲಿ ಉಳಿದವಳು ಚಿಕ್ಕಮ್ಮ ಒಬ್ಬಳೇ. ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏನನ್ನೂ ಹೇಳದೆ ಹಾಡು ಹಾಕಿದೆ. ಡ್ರಮ್ಮಿಗೆ ಮುಖ ಸಿಂಡರಿಸಿದಳು, ನನ್ನ ದನಿ ಬಂದಾಗ ನಕ್ಕಳು. ಐದನೆಯ ನುಡಿಗೆ ಕೈ ನಿಂತಿತು.

"ನಿಮ್ಮಕ್ಕಂದು ಯಾವಾಗ ಹಿಡಿದಿಟ್ಟಿದ್ದೆ?"

"ಅಕ್ಕ ಅಲ್ಲ ಚಿಕ್ಕಮ್ಮ, ನಾನಂತೆ."

"ಸುಮ್ನಿರೇ. ನೆರಳು ಅನ್ನೋಕೆ ಮುಂಚೆ ಉಸಿರು ಕಟ್ಟೈತೆ ನೋಡು. ಉಬ್ಬಸದೋಳು ಆಕೆ, ಅಲ್ಲೇ ನಿಲ್ಲಿಸ್ತಿದ್ಲು ಯಾವಾಗ್ಲೂ."

ಮತ್ತೆ ಕೇಳಿದೆವು. ಚಿಕ್ಕಮ್ಮ ಹೇಳಿದ ಜಾಗದಲ್ಲೇ ದನಿ ತಡೆದಿತ್ತು. ನನಗೆ ಉಬ್ಬಸ ಇಲ್ಲ.

ಹಾಡಿನಲ್ಲಿ ಅಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ ಅಂತಲೇ ಇಷ್ಟು ವರ್ಷ ತಿಳಿದಿದ್ದೆ ಅಂದೆ. ಚಿಕ್ಕಮ್ಮ ತಲೆಯಾಡಿಸಿದಳು. "ಸತ್ತೋನು ಬಂದಿರ್ತಾನೆ. ಅದಕ್ಕೇ ಮದುವೆ ಆಗದಿರೋ ಹುಡುಗೀರಿಗೆ ಹೇಳಿಕೊಡ್ತಿರಲಿಲ್ಲ. ಹೆದರ್ತಾವೆ ಅಂತ."

"ಚಿಕ್ಕವಳಿದ್ದಾಗ ನಾನು ಕೇಳಿರಬಹುದಾ?"

"ಕೇಳಿರ್ತೀಯ. ನಿನ್ನನ್ನ ತೊಡೆ ಮ್ಯಾಲೆ ಮಲಗಿಸ್ಕೊಂಡೇ ಬೀಸೋಳು ನಿಮ್ಮವ್ವ." ನನ್ನ ಸಮಾಧಾನಕ್ಕೆ ಹೇಳಿದ್ದು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಹೊರಡುವಾಗ ಹಣೆಗೆ ವಿಭೂತಿ ಹಚ್ಚಿ, ಬಸ್ಸು ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಬೇಡವೆಂದರೆ ಆ ನುಡಿ ತೆಗೆದುಬಿಡುತ್ತೇವೆ ಅಂತ ಬ್ಯಾಂಡಿನವರು ಹೇಳಿಕಳಿಸಿದರು. ಎರಡು ದಿನ ಯೋಚಿಸಿದೆ. ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಕ್ಕನ ದನಿ ಬೇರೆ ಎಲ್ಲೂ ಉಳಿದಿಲ್ಲ. ಇರಲಿ ಅಂದೆ. ಹಾಡಿದವರು ಅಂತ ನನ್ನ ಹೆಸರಿದ್ದ ಕಡೆ ಆಕೆಯ ಹೆಸರನ್ನೂ ಸೇರಿಸಿ ಅಂದೆ. ಯಾಕೆ ಅಂತ ಕೇಳದೆ ಸೇರಿಸಿದರು.

ಈಗಲೂ ಹೊಲಿಯುತ್ತಾ ಹಾಡುತ್ತೇನೆ. ನಾಲ್ಕು ನುಡಿ ಆದ ಮೇಲೆ ಮಷಿನ್ ನಿಲ್ಲಿಸುವುದಿಲ್ಲ, ಇನ್ನೊಂದು ಉಸಿರು ಕೇಳಿಸದಿರಲಿ ಅಂತ ಪೆಡಲ್ ಜೋರಾಗಿ ತುಳಿಯುತ್ತೇನೆ. ಐದನೆಯದನ್ನು ಹಾಡಿ ತೋರಿಸಿ ಅಂತ ಮೇಡಂ ಒಮ್ಮೆ ಕೇಳಿದರು. ಗಂಟಲು ಕಟ್ಟಿದೆ ಅಂತ ಸುಳ್ಳು ಹೇಳಿದೆ.