ಅಮ್ಮನ ಬಂದೂಕು, ಅತ್ತೆಯ ಬಾತುಕೋಳಿ

ಹಳೆಯ ವಿಡಿಯೋ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮತ್ತೆ ಮಾರುವವರ ಮೇಲೆ ನನಗೊಂದು ತಕರಾರಿದೆ. ಅದರಲ್ಲೂ ಬಂದೂಕಿನ ಆಟಗಳನ್ನು ಮಾರುವವರ ಮೇಲೆ. ಟಿವಿಯತ್ತ ಪ್ಲಾಸ್ಟಿಕ್ ಬಂದೂಕು ಗುರಿಯಿಟ್ಟು ಹಾರುವ ಬಾತುಕೋಳಿಗೆ ಹೊಡೆಯುವ ಆಟ ಎಂದರೆ ಅವರಿಗೆ ಬಂದೂಕು ಮಾತ್ರ ನೆನಪು. ನಮ್ಮ ಮನೆಯಲ್ಲಿ ಅರ್ಧ ಆಟ ನಡೆಯುತ್ತಿದ್ದದ್ದು ಬಾತುಕೋಳಿಯ ಕಡೆಯಿಂದ.

ತೊಂಬತ್ತರ ದಶಕದಲ್ಲಿ ನಾವು ಜಯನಗರದಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ಅಕ್ಕ. ಈ ಸೋದರತ್ತೆ ಮದುವೆಯಾಗಿರಲಿಲ್ಲ, ಮೊದಲಿನಿಂದಲೂ ತಮ್ಮನ ಮನೆಯಲ್ಲೇ ಇದ್ದವರು. ಅಮ್ಮನಿಗೂ ಅತ್ತೆಗೂ ಮಾತಿರಲಿಲ್ಲ. ಮಾತು ಯಾಕೆ ಬಿಟ್ಟರು ಎಂದು ಕೇಳಿದರೆ ಅಮ್ಮ ಯಾವುದೋ ಉಪನಯನದ ಸೀರೆಯ ಕಥೆ ಹೇಳುತ್ತಿದ್ದಳು, ಅತ್ತೆ ಉಪ್ಪಿನಕಾಯಿ ಜಾಡಿಯ ಕಥೆ ಹೇಳುತ್ತಿದ್ದರು. ಅಪ್ಪನನ್ನು ಕೇಳಿದರೆ ಪೇಪರ್ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಒಬ್ಬರು ಹುಳಿ ಕುದಿಸುತ್ತ, ಇನ್ನೊಬ್ಬರು ಪಲ್ಯಕ್ಕೆ ಹೆಚ್ಚುತ್ತ, ತುಟಿ ಪಿಟಕ್ಕೆನ್ನದೆ ಇಡೀ ಬೆಳಗು ಕಳೆಯುತ್ತಿದ್ದರು.

ಹೇಳಲೇಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದರು. "ಬೇಳೆ ಮುಗೀತು ಅಂತ ಹೇಳು ನಿಮ್ಮಮ್ಮಂಗೆ." "ಗೊತ್ತು ಅಂತ ಹೇಳು ನಿಮ್ಮತ್ತೆಗೆ." ಇಬ್ಬರ ನಡುವೆ ಎರಡು ಮೊಳ ದೂರವೂ ಇರುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದರೆ ಮಾತು ಕ್ಯಾಲೆಂಡರಿನ ಪಾಲು. "ಯಾರೋ ಹಾಲಿಟ್ಟು ಮರ್ತಿದಾರೆ" ಎಂದು ಅತ್ತೆ ಗೋಡೆ ನೋಡಿ ಹೇಳುವುದು, ಅಮ್ಮ ದಡಬಡ ಓಡಿಬರುವುದು ಬಚ್ಚಲಿಗೆ ಕೇಳಿಸುತ್ತಿತ್ತು. ನನ್ನ ಗೆಳತಿಯರ ಮನೆಗಳಲ್ಲಿ ದೊಡ್ಡವರು ಜಗಳವಾಡುತ್ತಿದ್ದರು. ಅದು ಕೇಳಿದರೆ ನನಗೆ ಆಸೆಯಾಗುತ್ತಿತ್ತು. ಇವರಿಬ್ಬರೂ ಒಮ್ಮೆ ಜಗಳವನ್ನಾದರೂ ಆಡಲಿ ಎಂದು ನಾನು ದೇವರಿಗೆ ಹರಕೆ ಹೊತ್ತದ್ದೂ ಉಂಟು.

ಒಂದು ಬೇಸಿಗೆ ರಜೆಗೆ ಅಪ್ಪ ಟಿವಿ ಗೇಮ್ ತಂದರು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಅಚ್ಚಾಗಿತ್ತು, ಒಳಗಿದ್ದದ್ದು ಬೆರಳೆಣಿಕೆಯಷ್ಟು. ಜೊತೆಗೆ ಒಂದು ಜಾಯ್‌ಸ್ಟಿಕ್ಕು, ಒಂದು ಬಂದೂಕು. ಬಂದೂಕು ಕಂಡೊಡನೆ ಅಮ್ಮ ಮೂಗು ಮುರಿದಳು. ಹೆಣ್ಣು ಮಗುವಿಗೆ ತರುವ ವಸ್ತುವೇ ಇದು ಎಂದು ಅಪ್ಪನ ಮೇಲೆ ರೇಗಿದಳು. ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ, ಟಿವಿ ಎದುರು ನಿಂತಿದ್ದವಳು ಅವಳೇ. ಗುರಿಯಿಡುವುದರಲ್ಲಿ ಅಮ್ಮ ಎತ್ತಿದ ಕೈ. ಈ ವಿಷಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. "ಮೊಟ್ಟೆ ಕೂಡ ತರದ ಮನೇಲಿ ದಿನಾ ಕೊಲೆ ನಡೀತಿದೆ ಅಂತ ಹೇಳು" ಎಂದರು. "ನಿಜವಾದ ಬಾತುಕೋಳಿ ಅಲ್ಲ ಅಂತ ಹೇಳು" ಎಂದಳು ಅಮ್ಮ, ಇನ್ನೊಂದನ್ನು ಕೆಡವುತ್ತ. ಏಕಾದಶಿಯಂದು ಬಂದೂಕು ಮುಟ್ಟಬಾರದು ಎಂಬ ಒಪ್ಪಂದವೂ ನನ್ನ ಮೂಲಕವೇ ಆಯಿತು.

ಒಂದು ದಿನ ಅಮ್ಮನಿಗೆ ಆಟ ಶುರು ಮಾಡಿಕೊಟ್ಟು ನಾನು ನೀರು ಕುಡಿಯಲು ಎದ್ದವಳು ಜಾಯ್‌ಸ್ಟಿಕ್ಕನ್ನು ಅತ್ತೆಯ ಮಡಿಲಲ್ಲಿ ಇಟ್ಟು ಹೋದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ಅದನ್ನು ಪಕ್ಕಕ್ಕಿಡಲು ಹೋಗಿ ಎಲ್ಲೋ ಒತ್ತಿದರು. ಬಾತುಕೋಳಿ ಸರಕ್ಕನೆ ಮೇಲೆ ಹಾರಿತು. ಅಮ್ಮನ ಗುರಿ ತಪ್ಪಿತು. ಅತ್ತೆ ಮತ್ತೆ ಒತ್ತಿದರು. ಬಾತುಕೋಳಿ ಎಡಕ್ಕೆ ಓಡಿತು.

"ಅಯ್ಯೋ, ಇದು ನನ್ನ ಮಾತು ಕೇಳುತ್ತೆ ಕಣೇ!" ಎಂದು ಅತ್ತೆ ನನ್ನನ್ನು ಕೂಗಿ ಹೇಳಿದ ದನಿ ನನಗಿನ್ನೂ ನೆನಪಿದೆ.

ಆ ಆಟದಲ್ಲಿ ಹಾಗೊಂದು ಸೌಕರ್ಯವಿತ್ತು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಹಕ್ಕಿಯನ್ನು ಹಾರಿಸಬಹುದು. ಅಂದಿನಿಂದ ಹುರುಳಿಕಾಯಿ ಮೂಲೆ ಸೇರಿತು. ಅಮ್ಮ ಕೊಲ್ಲುವವಳು, ಅತ್ತೆ ಕಾಯುವವರು. ಇಬ್ಬರೂ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. "ಮೂಲೇಲಿ ಅಡಗಿಸೋದು ಮೋಸ ಅಂತ ಹೇಳು." "ಜೀವ ಉಳಿಸ್ಕೊಳ್ಳೋದು ಮೋಸ ಅಲ್ಲ ಅಂತ ಹೇಳು." ನಾನು ಹೇಳುವಷ್ಟು ಪುರುಸೊತ್ತೇ ಇರುತ್ತಿರಲಿಲ್ಲ, ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರ ನನ್ನನ್ನು ದಾಟಿ ಹೋಗಿಬಿಡುತ್ತಿತ್ತು. ಕೊನೆಯಲ್ಲಿ ಅಂಟಿಕೊಂಡಿರುತ್ತಿದ್ದ "ಅಂತ ಹೇಳು" ಒಂದು ಬಿದ್ದುಹೋದರೆ ಸಾಕು, ಅದು ಮಾತುಕತೆಯೇ. ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ನಾನು ಕಾದೆ. ಅಷ್ಟು ಸಂತೋಷದ ಮಧ್ಯಾಹ್ನಗಳನ್ನು ನಾನು ಆಮೇಲೆ ಕಂಡಿಲ್ಲ.

ಅಮ್ಮನ ಗುರಿಯ ಸುದ್ದಿ ಬೀದಿಯಲ್ಲಿ ಹಬ್ಬಿತು. ಎದುರುಮನೆ ಆಂಟಿ ನೋಡಲು ಬಂದವರು "ಏನ್ರೀ ನಿಮ್ ಗುರಿ! ನನಗೂ ಒಂದಾಟ ಕೊಡ್ರೀ" ಎಂದು ಕೂತುಬಿಟ್ಟರು. ದಿನಾ ಬರತೊಡಗಿದರು. ಬಂದವರನ್ನು ಸುಮ್ಮನೆ ಕೂರಿಸಲಾಗುತ್ತದೆಯೇ? ಜಾಯ್‌ಸ್ಟಿಕ್ಕು ಅವರ ಕೈಗೆ ಹೋಯಿತು. ಅಮ್ಮನೂ ಆಂಟಿಯೂ ಆಡುತ್ತ ಬಾಯ್ತುಂಬ ಹರಟುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮತ್ತೆ ಆಡಲು ಬನ್ನಿ ಎಂದು ಅವರನ್ನು ಯಾರೂ ಕರೆಯಲಿಲ್ಲ.

ಅದೇ ವರ್ಷದ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕೆಲಸಕ್ಕೆ ಬರುವ ಯಾವ ವಸ್ತುವೂ ಪೂಜೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ನನ್ನ ಕಂಪಾಸ್ ಬಾಕ್ಸು, ಎಲ್ಲಕ್ಕೂ ಗಂಧ, ಕುಂಕುಮ, ಸೇವಂತಿಗೆ. ಪೂಜೆಯ ಉಸ್ತುವಾರಿ ಅತ್ತೆಯದು. ಇಡೀ ಮನೆಯಲ್ಲಿ ಆಯುಧವೆನ್ನಬಹುದಾದದ್ದು ಒಂದೇ ಒಂದು, ಅದು ಆ ಬಂದೂಕು. ಅದನ್ನು ಮಣೆಯ ಮೇಲೆ ನಡುವೆ ಇಟ್ಟು ಅಲಂಕಾರ ಮಾಡಿದ್ದರು. ನೋಡಿ ಅಪ್ಪ ನಕ್ಕರು, ಅಮ್ಮನೂ ಮುಖ ತಿರುಗಿಸಿ ನಕ್ಕಳು.

ಮಾರನೆಯ ದಿನ ಬಂದೂಕು ಕೆಲಸ ಮಾಡಲಿಲ್ಲ. ಹೊರಗಿನ ಕುಂಕುಮವನ್ನೆಲ್ಲ ಒರೆಸಿದೆವು, ಕ್ಯಾಸೆಟ್ಟಿಗೆ ಊದಿದೆವು, ವೈರು ಬಿಚ್ಚಿ ಹಾಕಿದೆವು. ಮೂತಿಯನ್ನು ಟಿವಿಗೆ ತಾಗಿಸಿ ಒತ್ತಿದರೂ ಬಾತುಕೋಳಿ ಆರಾಮವಾಗಿ ಹಾರಿಹೋಯಿತು. ಚೈನಾ ಮಾಲು ಇಷ್ಟೇ ಎಂದು ಅಪ್ಪ ಕೈಚೆಲ್ಲಿದರು. ಅಮ್ಮ ಬಿಡಲಿಲ್ಲ. "ಹೊಟ್ಟೆಕಿಚ್ಚಿಗೆ ಏನೋ ಮಾಡಿಟ್ಟಿದಾರೆ. ಹೇಳು ಹೋಗು" ಎಂದಳು. ನಾನು ಹೋಗಿ ಹೇಳಿದೆ. ಅತ್ತೆ ಅಕ್ಕಿಯಿಂದ ತಲೆ ಎತ್ತದೆ, "ಪೂಜೆ ಮಾಡಿದ್ದೂ ತಪ್ಪಾಯ್ತಾ ಅಂತ ಕೇಳು" ಎಂದರು. ಬಂದು ಕೇಳಿದೆ. ಅಮ್ಮ ಬಂದೂಕನ್ನು ಡಬ್ಬಕ್ಕೆ ಹಾಕಿ ಮುಚ್ಚಿದಳು.

ಆಂಟಿ ಬರುವುದು ನಿಂತಿತು. ಅದಕ್ಕಿಂತ ಕಷ್ಟದ್ದು, ನನ್ನ ಮೂಲಕ ಹೋಗಿಬರುತ್ತಿದ್ದ ಮಾತುಗಳೂ ಕಡಿಮೆಯಾದವು. ಬೇಳೆ ಮುಗಿದರೆ ಈಗ ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. ನಾನು ಹೈಸ್ಕೂಲು, ಕಾಲೇಜು ಮುಗಿಸುವವರೆಗೂ ಮನೆ ಹಾಗೇ ಇತ್ತು. ಅಂಥ ಮನೆಯಲ್ಲಿ ಬೆಳೆದದ್ದಕ್ಕೆ ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಾವು ಪದ್ಮನಾಭನಗರದ ಸ್ವಂತ ಮನೆಗೆ ಬಂದಿದ್ದೆವು. ನನಗೆ ಬಿಟಿಎಂ ಲೇಔಟಿನ ಆಫೀಸಿನಲ್ಲಿ ಕೆಲಸ. ಹಳೆಯ ಬಂದೂಕಿನ ಆಟಗಳು ಹೊಸ ಯಂತ್ರಕ್ಕೆ ಮತ್ತೆ ಬಂದಿವೆ ಎಂದು ಓದಿ ತಡೆಯಲಾಗದೆ ಯಂತ್ರವನ್ನೇ ಕೊಂಡೆ. ಚಪ್ಪಟೆ ಟಿವಿ ಆಗಲೇ ಇತ್ತು. ಒಂದು ಭಾನುವಾರ ಅಮ್ಮ, ಅತ್ತೆ ಇಬ್ಬರನ್ನೂ ಸೋಫಾದ ಎರಡು ತುದಿಯಲ್ಲಿ ಕೂರಿಸಿ ನಡುವೆ ಕೂತೆ. ಬಂದೂಕಿನ ಜಾಗದಲ್ಲಿ ಈಗ ರಿಮೋಟು, ಆದರೂ ಅಮ್ಮನ ಗುರಿ ಹಾಗೇ ಇತ್ತು. ಎರಡನೆಯ ರಿಮೋಟನ್ನು ಅತ್ತೆಗೆ ಕೊಟ್ಟೆ. ಅವರು ಅಲ್ಲಾಡಿಸಿ ನೋಡಿದರು. ಪರದೆಯ ಮೇಲೆ ಇನ್ನೊಂದು ಗುರಿಚಿಹ್ನೆ ಅಲ್ಲಾಡಿತು. ನಾನು ತಂದಿದ್ದ ಆಟದಲ್ಲಿ ಎರಡನೆಯವರಿಗೂ ಹೊಡೆಯುವ ಕೆಲಸವೇ. ಹಕ್ಕಿಯನ್ನು ಹಾರಿಸುವ ಏರ್ಪಾಡು ಇರಲಿಲ್ಲ.

"ನಂಗಿದು ಬೇಡಮ್ಮ" ಎಂದು ಅತ್ತೆ ರಿಮೋಟನ್ನು ನನ್ನ ತೊಡೆಯ ಮೇಲಿಟ್ಟರು.

ನನಗೆ ತೀರಾ ನಿರಾಸೆಯಾಯಿತು. ಹೋಗಲಿ, ಹಳೆಯ ಬಂದೂಕನ್ನೇ ರಿಪೇರಿ ಮಾಡಿಸಿ ಈ ಟಿವಿಗೆ ಹಾಕಬಹುದೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಗುವುದಿಲ್ಲ ಎಂದಿತ್ತು. ಯಾಕೆಂಬುದನ್ನೂ ಬರೆದಿದ್ದರು. ಆ ಬಂದೂಕಿನಿಂದ ಟಿವಿಗೆ ಏನೂ ಹೋಗುವುದೇ ಇಲ್ಲವಂತೆ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗೆ ಮಿನುಗುತ್ತದೆ. ನಳಿಗೆಯೊಳಗೆ ಒಂದು ಪುಟ್ಟ ಕಣ್ಣಿದೆ. ಆ ಕಣ್ಣಿಗೆ ಬೆಳಕು ಕಂಡರೆ ಗುರಿ ತಾಗಿದ ಲೆಕ್ಕ. ಚಪ್ಪಟೆ ಟಿವಿಯಲ್ಲಿ ಆ ಮಿನುಗು ತಡವಾಗುವುದರಿಂದ ಅದಕ್ಕೆ ಕಾಣುವುದಿಲ್ಲ.

ಸಜ್ಜದ ಮೇಲಿನ ಡಬ್ಬ ಇಳಿಸಿ ಬಂದೂಕು ತೆಗೆದು ನಳಿಗೆಗೆ ಟಾರ್ಚ್ ಬಿಟ್ಟೆ. ಒಳಗೆ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಕುಂಕುಮ.

ಹಾಲಿಗೆ ಓಡಿದೆ. ಇಬ್ಬರೂ ಟಿವಿಯಲ್ಲಿ ಏನೋ ನೋಡುತ್ತಿದ್ದರು. "ಅಮ್ಮಾ, ಅತ್ತೆ ಏನೂ ಮಾಡಿರ್ಲಿಲ್ಲ! ಪೂಜೆ ದಿನ ಗಂಧ ಒಳಗೆ ಹೋಗಿದೆ ಅಷ್ಟೇ. ಅದಕ್ಕೆ ಕಣ್ಣು ಕಾಣಿಸ್ತಿರ್ಲಿಲ್ಲ" ಎಂದು ಬಂದೂಕನ್ನೂ ಟಾರ್ಚನ್ನೂ ಅವಳ ಕೈಗೆ ಕೊಟ್ಟೆ. ಅಮ್ಮ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಬಾಡಿತು.

"ಸುಮ್ನೆ ಅಂದ್ಬಿಟ್ಟೆ, ತಪ್ಪಾಯ್ತು ಅಂತ ಹೇಳು" ಎಂದಳು.

"ನಾನು ಹೇಳಲ್ಲ. ಎದುರಿಗೇ ಕೂತಿದಾರೆ, ನೀನೇ ಹೇಳು" ಎಂದೆ. ದನಿ ಎತ್ತರಿಸಿಯೇ ಹೇಳಿದೆ. ಅಷ್ಟು ವರ್ಷದ ಸಿಟ್ಟು ಅದರಲ್ಲಿತ್ತು.

ಅಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕಡೆ ತಿರುಗಿದರು. "ತಪ್ಪೇನಿಲ್ಲ ಅಂತ ಹೇಳು ನಿಮ್ಮಮ್ಮಂಗೆ. ಬೇಕಂತ್ಲೇ ತುಂಬಿದ್ದು ನಾನು. ಬಾಯಿ ಕಟ್ಟಿದ್ರೆ ಗುಂಡು ಹಾರಲ್ಲ ಅಂದ್ಕೊಂಡೆ. ನಾಲ್ಕು ದಿನ ಬಿಟ್ಟು ತೆಗೆಯೋಣ ಅಂತಿದ್ದೆ. ಅಷ್ಟರಲ್ಲಿ ಹೊಟ್ಟೆಕಿಚ್ಚು ಅಂದ್ಲಲ್ಲ, ಆಮೇಲೆ ಹೇಗೆ ತೆಗೀಲಿ?"

"ಬಾತುಕೋಳಿ ಸಾಯ್ತಿದ್ವು ಅಂತಾನಾ ಅತ್ತೆ?" ಎಂದೆ.

"ಬಾತುಕೋಳಿ ಮನೆ ಹಾಳಾಯ್ತು" ಎಂದರು ಅತ್ತೆ. "ಆ ಎದುರುಮನೆಯವಳನ್ನ ಕೂರಿಸ್ಕೊಂಡು ಆಡೋಳು. ನಾನು ಒಳಗೆ ಇದ್ದೀನಿ ಅನ್ನೋದೇ ಮರ್ತಿದ್ಲು. ನಂಗಿದ್ದಿದ್ದು ಅದೊಂದು ಹೊತ್ತು. ಅವಳು ನಂಜೊತೆ ಇರ್ತಿದ್ದಿದ್ದು ಆಗ ಮಾತ್ರ."

ಅಮ್ಮ ಬಂದೂಕನ್ನು ಮಡಿಲಲ್ಲಿ ಇಟ್ಟುಕೊಂಡಳು. ನನ್ನನ್ನು ನೋಡಲಿಲ್ಲ, ಕ್ಯಾಲೆಂಡರನ್ನೂ ನೋಡಲಿಲ್ಲ.

"ಅತ್ತಿಗೇ, ಒಂದು ಮಾತು ಹೇಳ್ಬಾರ್ದಿತ್ತಾ ನೀವು?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಹೇಗೆ ಹೇಳ್ಲೇ? ನಾವು ಮಾತಾಡ್ತಿರ್ಲಿಲ್ವಲ್ಲ."

ಇಬ್ಬರ ನಡುವೆ ನಿಂತಿದ್ದ ನನಗೆ ಅಳು ಬಂತು. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.