ಡಿಸ್ಕಿಗೆ ಇಟ್ಟ ಗಂಧ

ನಮ್ಮ ಎದುರುಮನೆಯವರು ಪಾರಿವಾಳ ಓಡಿಸಲು ಬಾಲ್ಕನಿಗೆ ಹಳೆಯ ಸಿ.ಡಿ.ಗಳನ್ನು ದಾರ ಕಟ್ಟಿ ನೇತುಹಾಕಿದ್ದಾರೆ. ಕೆಂಪಾಪುರದ ಪಾರಿವಾಳಗಳು ಇಂಥದ್ದಕ್ಕೆಲ್ಲ ಹೆದರುವ ಜಾತಿಯವಲ್ಲ. ಡಿಸ್ಕಿನ ಪಕ್ಕದಲ್ಲೇ ಕೂತು ಸಂಸಾರ ಮಾಡುತ್ತವೆ. ತೊಂದರೆಯಾಗಿರುವುದು ನನಗೆ. ಬೆಳಗಿನ ಬಿಸಿಲಿಗೆ ಅವು ತಿರುಗಿ ತಿರುಗಿ ನನ್ನ ಪೇಪರಿನ ಮೇಲೆ, ಕಾಫಿ ಲೋಟದ ಮೇಲೆ, ಒಂದೊಂದು ಸಲ ನೇರ ಕಣ್ಣಿಗೇ ಬೆಳಕು ಹೊಡೆಯುತ್ತವೆ. "ಕುರ್ಚಿ ಈ ಕಡೆ ಎಳ್ಕೊಳ್ಳಿ ಅಂದ್ರೆ ಕೇಳಲ್ವಲ್ಲ" ಎಂದು ಹೆಂಡತಿ ಗೊಣಗುತ್ತಾಳೆ. ನಾನು ಎಳೆದುಕೊಳ್ಳುವುದಿಲ್ಲ. ಅದರಲ್ಲಿ ಯಾರ ಮದುವೆ ಇತ್ತೋ, ಯಾರ ದನಿ ಇತ್ತೋ ಎಂದು ನೋಡುತ್ತಾ ಕೂತಿರುತ್ತೇನೆ.

ನಿಮ್ಮ ಮನೆಯ ಅಟ್ಟದ ಮೇಲೂ ಅಂಥ ಡಿಸ್ಕುಗಳ ಒಂದು ದುಂಡು ಡಬ್ಬ ಇದ್ದೇ ಇರುತ್ತದೆ. "ಒಂದಿನ ಕೂತು ಎಲ್ಲಾನೂ ಕಂಪ್ಯೂಟರಿಗೆ ಹಾಕ್ಬೇಕು" ಎಂದು ನೀವೂ ಹೇಳಿರುತ್ತೀರಿ. ಆ ಒಂದು ದಿನ ನನಗೆ ಬಂದಿತ್ತು. ಬಂದ ಮೇಲೂ ನಾನು ಏನು ಮಾಡಿದೆ ಎನ್ನುವುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನೀವೇನೂ ನಮ್ಮ ನೆಂಟರಲ್ಲವಲ್ಲ.

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ಕಾಲ. ನಾವಿನ್ನೂ ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದೆವು. ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತ. ಇಡೀ ಬಂಧುಬಳಗದಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಎಲ್ಲರಿಗೂ ಕಂಪ್ಯೂಟರ್ ಪಂಡಿತ. ನಾಮಕರಣದ ಫೋಟೋ, ಮದುವೆಯ ವಿಡಿಯೋ ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ಒಂದನ್ನು ನಾಲ್ಕು ಮಾಡಿ ಹಂಚುತ್ತಿದ್ದೆ. ಹಂಚುವಾಗ ಒಂದು ಗತ್ತೂ ಇರುತ್ತಿತ್ತೆಂದು ಹೆಂಡತಿ ಈಗಲೂ ಅಣಕಿಸುತ್ತಾಳೆ.

ರಾಜಾನುಕುಂಟೆಯಲ್ಲಿ ನಮ್ಮ ರಂಗತ್ತೆ ಇದ್ದರು. ನಮ್ಮಪ್ಪನ ಅಕ್ಕ. ಅವರ ಯಜಮಾನರು, ನಮ್ಮ ಮಾವ, ದ್ರಾಕ್ಷಿತೋಟದ ಕೆಲಸದಲ್ಲಿ ಹೆಸರು ಮಾಡಿದವರು. ಸುತ್ತಲ ಊರಿನವರು ಬಳ್ಳಿಗೆ ಕತ್ತರಿ ಹಾಕಿಸಲು ಅವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಮಾತಿನಲ್ಲಿ ಮಾತ್ರ ಅವರಿಗೆ ಕತ್ತರಿಯೇ ಇರಲಿಲ್ಲ. ಒಂದು ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅವರ ಮುಂದೆ ನನ್ನ ಹೊಸ ಫೋನನ್ನು ದನಿ ರೆಕಾರ್ಡಿಂಗಿಗೆ ಹಾಕಿ ಇಟ್ಟು, "ಏನಾದ್ರೂ ಹೇಳಿ ಮಾವ" ಎಂದೆ. ಹೆಣ್ಣು ನೋಡಲು ಹೋದ ಕಥೆ ತೆಗೆದರು.

"ನಿಮ್ಮತ್ತೆ ಮಕಾನೇ ತೋರಿಸ್ನಿಲ್ಲ ಕಣಪ್ಪ. ಗೋಡೆ ಕಡೆ ತಿರುಗಿ ನಿಂತವ್ಳೆ. ನಾನು ಕಾಲು ನೋಡಿ ಒಪ್ಕೊಂಡೆ!"

ಒಳಗಿನಿಂದ ಪಾತ್ರೆಯ ಸದ್ದಿನ ಜೊತೆ ಅತ್ತೆಯ ದನಿ ಬಂತು. "ಸುಳ್ಳು! ನಾನು ತಿರುಗಿ ನೋಡಿದ್ದೆ. ನೀನೇ ತಲೆ ಬಗ್ಗಿಸ್ಕೊಂಡು ಕಜ್ಜಾಯ ತಿಂತಿದ್ದೆ!"

ಹೀಗೇ ಅರ್ಧ ಗಂಟೆ. ಮನೆಗೆ ಬಂದು ಅದನ್ನು ಡಿಸ್ಕಿಗೆ ಹಾಕಿ ಕೊಟ್ಟೆ. ಮುಂದಿನ ವರ್ಷ ಮಾವ ಹೋದರು. ಅಷ್ಟು ಹೊತ್ತಿಗೆ ನನ್ನ ಫೋನು ಬಸ್ಸಿನಲ್ಲಿ ಕಳೆದುಹೋಗಿತ್ತು. ಮನೆಯ ಕಂಪ್ಯೂಟರನ್ನು ನಾನೇ ಏನೋ ಸರಿಮಾಡಲು ಹೋಗಿ ಪೂರ್ತಿ ಅಳಿಸಿ ಕೂತಿದ್ದೆ. ಊರಿಗೆಲ್ಲ ನಾಲ್ಕು ನಾಲ್ಕು ಕಾಪಿ ಮಾಡಿಕೊಟ್ಟ ಪಂಡಿತ ಇದಕ್ಕೆ ಮಾತ್ರ ಇನ್ನೊಂದು ಕಾಪಿ ಮಾಡಿರಲಿಲ್ಲ. ಮಾವನ ದನಿ ಅಂತ ಲೋಕದಲ್ಲಿ ಉಳಿದದ್ದು ರಂಗತ್ತೆಯ ಮನೆಯ ಆ ಒಂದು ಡಿಸ್ಕು.

ಟಿ.ವಿ. ಚಾನೆಲ್ ಬದಲಿಸಲೂ ಮಗಳು ಲಲಿತಳನ್ನು ಕರೆಯುತ್ತಿದ್ದ ಅತ್ತೆ, ಡಿ.ವಿ.ಡಿ. ಪ್ಲೇಯರ್ ಹಾಕುವುದನ್ನು ತಾವಾಗಿ ಕಲಿತರು. ಸೆರಗಿಗೆ ಕೈ ಒರೆಸಿಕೊಂಡು, ಡಿಸ್ಕನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಇಟ್ಟು, ಪ್ಲೇಯರಿನ ಟ್ರೇ ಒಳಗೆ ಹೋಗುವ ತನಕ ನಿಂತು ನೋಡುತ್ತಿದ್ದರು. ಪ್ರತಿ ಶನಿವಾರ ಸಾಯಂಕಾಲ ದೀಪ ಹಚ್ಚಿದ ಮೇಲೆ ಮಾವ ಅರ್ಧ ಗಂಟೆ ಮಾತಾಡುತ್ತಿದ್ದರು. "ಸುಳ್ಳು!" ಅನ್ನುವ ಜಾಗ ಬಂದಾಗ ಅತ್ತೆ ಟಿ.ವಿ.ಯೊಳಗಿನ ತಮ್ಮ ದನಿಯ ಜೊತೆಗೆ ಇನ್ನೊಂದು ಸಲ "ಸುಳ್ಳು" ಅನ್ನುತ್ತಿದ್ದರಂತೆ.

ಈಗ ಆಯುಧಪೂಜೆಗೆ ಬರುತ್ತೇನೆ. ನಮ್ಮ ಕಡೆ ಆವತ್ತು ಪೂಜೆಯಿಲ್ಲದ ವಸ್ತು ಮನೆಯಲ್ಲಿ ಉಳಿಯುವುದಿಲ್ಲ. ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಸ್ಕೂಟರು, ನನ್ನ ಕಂಪ್ಯೂಟರಿನ ಮೌಸೂ ಸೇರಿ ಎಲ್ಲಕ್ಕೂ ಬೊಟ್ಟು. ಮಾವ ಹೋದ ಮೇಲೆ ಅತ್ತೆ ಕುಂಕುಮ ಮುಟ್ಟುವುದನ್ನು ಬಿಟ್ಟಿದ್ದರು. ಯಾರೂ ಬಿಡು ಅಂದಿರಲಿಲ್ಲ, ತಾವೇ ಬಿಟ್ಟರು. ಆದರೆ ಗಂಧವನ್ನು ಬಿಟ್ಟಿರಲಿಲ್ಲ. ಬೆಳಗ್ಗೆಯೇ ಕೂತು ತೇದು, ಮಾವನ ಬಳ್ಳಿ ಕತ್ತರಿಯಿಂದ ಶುರುಮಾಡಿ ಒಂದೊಂದಕ್ಕೂ ಉಂಗುರ ಬೆರಳಲ್ಲಿ ಇಡುತ್ತಿದ್ದರು.

ಮಾವ ಹೋದ ಮಾರನೆಯ ವರ್ಷದ ಹಬ್ಬಕ್ಕೆ ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಮನೆ ತುಂಬ ಜನ. ಊಟವಾದ ಮೇಲೆ ಯಾರೋ "ಮಾವನ ಮಾತು ಹಾಕಿ" ಅಂದರು. ನಾನು ಪಂಡಿತನ ಗತ್ತಿನಲ್ಲೇ ಎದ್ದು ಹೋದೆ. ಪ್ಲೇಯರಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಹೂವು, ಹೂವಿನ ಮಧ್ಯೆ ಆ ಡಿಸ್ಕು. ಅದರ ಹೊಳೆಯುವ ಮೈಮೇಲೆ, ಅಂಚಿಗೆ, ಕಾಸಿನಗಲ ಗಂಧ. ಒರೆಸಿ ಹಾಕಿದೆ. ಗರ್ರ್ ಅಂತ ತಿರುಗಿತು, ಟಕ್ ಟಕ್ ಅಂತು, ನಿಂತಿತು. ಮತ್ತೆ ಹಾಕಿದೆ. ಮತ್ತೆ ಅದೇ. ಅಷ್ಟು ಜನರ ಮುಂದೆ ಅವಮಾನವಾದಂತಾಗಿ ಅತ್ತೆಯ ಕಡೆ ತಿರುಗಿ ನಗುತ್ತಾ ಹೇಳಿದೆ:

"ನಿನ್ ಪೂಜೆನೇ ಮಾವನ ಬಾಯಿ ಮುಚ್ಚಿಸ್ಬಿಡ್ತಲ್ಲ ಅತ್ತೆ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. "ನಂದೇ ತಪ್ಪು ಕಣಪ್ಪ. ತಿಳೀದೆ ಇಟ್ಬಿಟ್ಟೆ" ಅಂದು ಎಲೆ ಎತ್ತಲು ಹೋದರು. ಅವರ ಹಿಂದೆಯೇ ಲಲಿತಳೂ ಎದ್ದು ಹೋದಳು.

ಡಿಸ್ಕನ್ನು "ಸರಿಮಾಡಿ ತರ್ತೀನಿ" ಎಂದು ಮನೆಗೆ ತಂದೆ. ಅದಕ್ಕೆ ನಾನು ಮಾಡದ ಚಿಕಿತ್ಸೆಯಿಲ್ಲ. ಸೋಪಿನ ನೀರಲ್ಲಿ ತೊಳೆದೆ. ಯಾರೋ ಹೇಳಿದರೆಂದು ಟೂತ್‌ಪೇಸ್ಟ್ ತಿಕ್ಕಿದೆ. ಇನ್ಯಾರೋ ಹೇಳಿದರೆಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಉಜ್ಜಿದೆ. ಅತ್ತೆ ಗಂಧ ಇಟ್ಟದ್ದಕ್ಕೆ ಆಡಿಕೊಂಡವನು ನಾನು ಬಾಳೆಹಣ್ಣಿನ ನೈವೇದ್ಯ ಮಾಡುತ್ತಿದ್ದೆ, ನೋಡಿ. ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಹೊರಟರೆ ಹಸಿರು ಪಟ್ಟಿ ಸ್ವಲ್ಪ ದೂರ ಓಡಿ, ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಂತು, ಡಿಸ್ಕನ್ನು ಓದಲಾಗುತ್ತಿಲ್ಲ ಎನ್ನುತ್ತಿತ್ತು. ಪ್ರತಿ ಸಲವೂ ಅದೇ ಜಾಗ ಯಾಕೆ ಎಂದು ಕೇಳಿಕೊಳ್ಳುವ ಬುದ್ಧಿ ಪಂಡಿತನಿಗೆ ಬರಲಿಲ್ಲ. ಕಾರಣ ಆಗಲೇ ಸಿಕ್ಕಿತ್ತಲ್ಲ! ಡಿಸ್ಕು ನನ್ನ ಬೀರು ಸೇರಿತು. ಮನೆ ಬದಲಾಗಿ ಕೆಂಪಾಪುರಕ್ಕೆ ಬಂದಾಗ ಬೀರುವಿನ ಜೊತೆ ಅದೂ ಬಂತು.

ನಾಲ್ಕೈದು ವರ್ಷ ಕಳೆದವು. ನಮ್ಮ ಕಾಲೇಜಿನ ಲ್ಯಾಬಿಗೆ ಬಾಗಲಕೋಟೆ ಕಡೆಯ ಬಸವರಾಜ ಅನ್ನುವವರು ಬಂದರು. ಕೆಟ್ಟ ಯಂತ್ರದ ಮುಂದೆ ಕೂತರೆ ಅವರಿಗೆ ಊಟದ ನೆನಪಾಗುತ್ತಿರಲಿಲ್ಲ. ಒಂದು ದಿನ ಚಹಾ ಕುಡಿಯುತ್ತಾ ಅತ್ತೆಯ ಗಂಧದ ಕಥೆಯನ್ನು ರಸವತ್ತಾಗಿ ಹೇಳಿದೆ. ಅವರು ನಗಲಿಲ್ಲ. "ನಾಳೆ ತರ್ರಿ ಸರ, ನೋಡೂಣು" ಎಂದರು. ಮಾರನೆಯ ದಿನ ಡಿಸ್ಕನ್ನು ತಿರುವಿ ನೋಡಿ ಕೇಳಿದರು:

"ಗಂಧ ಎಲ್ಲಿ ಹಚ್ಚಿದ್ರು?"

ಅಂಚನ್ನು ತೋರಿಸಿದೆ.

"ಅಲ್ಲೇನೂ ಇಲ್ರೀ ಸರ. ಖಾಲಿ ಅದ. ಡಿಸ್ಕು ಒಳಗಿಂದ ಹೊರಗ ಬರಕೋತ ಹೋಗ್ತದ. ಬರದಷ್ಟು ಜಾಗದ ಬಣ್ಣ ಬ್ಯಾರೆ ಕಾಣ್ತದ, ನೋಡ್ರಿಲ್ಲಿ. ಅರ್ಧಾ ತಾಸಿನ ಮಾತು ಇಲ್ಲೇ ಒಳಗ ಮುಗದದ. ಗಂಧ ಹಚ್ಚಿದ್ದು ನೀರಿಗೆ ಹೋತು. ಅದರಿಂದ ಏನೂ ಆಗಿಲ್ಲ." ಆಮೇಲೆ ಡಿಸ್ಕನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. "ಮ್ಯಾಲೆ ಹೆಸರು ಬರದಾಂವ ಯಾರ್ರೀ?"

"ನಾನೇ."

"ಬಾಲ್‌ಪೆನ್ನಿಲೆ?"

ಹೌದು. ನಡುವಿನ ತೂತಿನ ಸುತ್ತ ಬಳಸಿ 'ಮಾವನ ಮಾತು' ಎಂದು ಒತ್ತಿ ಒತ್ತಿ, ಕೊಂಬು ದೀರ್ಘ ಎಳೆದು, ಕೆಳಗೆ ನನ್ನ ರುಜುವನ್ನೂ ಹಾಕಿದ್ದೆ. ಬಸವರಾಜರು ನನಗೂ ಎತ್ತಿ ತೋರಿಸಿದರು. ನನ್ನ ಅಕ್ಷರಗಳು ಬಿದ್ದ ಕಡೆಯಲ್ಲೆಲ್ಲ ಆ ತೆಳು ಹೊಳಪು ಒಡೆದು ಆಚೆಯ ಬೆಳಕು ಕಾಣುತ್ತಿತ್ತು. 'ಮಾವನ' ಅನ್ನುವುದನ್ನು ಬೆಳಕಿನಲ್ಲೇ ಓದಬಹುದಿತ್ತು. ಕೆಳಗಿನ ಮೈ ದಪ್ಪ ಪ್ಲಾಸ್ಟಿಕ್ಕಂತೆ, ಗೀಚು ಬಿದ್ದರೂ ತಡೆಯುತ್ತದಂತೆ. ನಾಜೂಕಾದದ್ದು ಮೇಲಿನ ಮೈ. ದನಿ ಇರುವುದು ಅಲ್ಲೇ, ಒಂದು ಪದರ ಬಣ್ಣದ ಅಡಿಗೆ. ಪೆನ್ನಿನ ಮೊನೆ ಕೊಟ್ಟ ಗಾಯ ಮೊದಲು ಗೊತ್ತಾಗುವುದಿಲ್ಲ, ದಿನ ಕಳೆದಂತೆ ಹರಡುತ್ತಾ ಹೋಗುತ್ತದೆ. ಚಹಾ ಕುಡಿಯುವಾಗ ಕಥೆ ಹೇಳಿ ನಕ್ಕಿದ್ದೆನಲ್ಲ, ಆ ನಗು ನೆನಪಾಗಿ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು.

ಬಸವರಾಜರು ಮೂಲೆಯ ಒಂದು ಹಳೇ ಕಂಪ್ಯೂಟರಿಗೆ ಅದನ್ನು ಹಾಕಿ, ತಿರುಗುವ ವೇಗ ತಗ್ಗಿಸಿ, ಓದಲು ಬರುವಷ್ಟನ್ನು ಮೊದಲು ಎತ್ತಿಕೊಂಡರು. ಹಠ ಮಾಡುವ ಜಾಗಗಳನ್ನು ಹಾರಿಸಿ, ಕೊನೆಗೆ ಬಂದು ಅವನ್ನು ಮತ್ತೆ ಮತ್ತೆ ಕೇಳಿದರು. "ಒಮ್ಮೆ ಆಗೂದಿಲ್ಲ ಅಂದ್ರ ಬಿಡಬಾರದ್ರಿ. ಹತ್ತನೇ ಸಲ ಕೊಡ್ತದ" ಎನ್ನುತ್ತಿದ್ದರು. ಮೂರು ದಿನ ಹಾಗೇ ನಡೆಯಿತು. ಹತ್ತೊಂಬತ್ತು ನಿಮಿಷ ಸಿಕ್ಕಿತು. ಹೆಣ್ಣು ನೋಡಿದ ಕಥೆ, ಕಜ್ಜಾಯ, ಅತ್ತೆಯ "ಸುಳ್ಳು!", ಮಾವನ ಕೆಮ್ಮು ಬೆರೆತ ನಗು ಎಲ್ಲ ಅದರಲ್ಲಿತ್ತು. ನಡುನಡುವೆ ಮಾತ್ರ ತೂತು.

ಆ ಸಂಜೆಯೇ ಬಸ್ಸು ಹತ್ತಿದ್ದರೆ ಮುಕ್ಕಾಲು ಗಂಟೆಯಲ್ಲಿ ರಾಜಾನುಕುಂಟೆ. ನಾನು ಹತ್ತಲಿಲ್ಲ. ಉಳಿದ ತೂತುಗಳನ್ನೂ ಮುಚ್ಚಿಸಿ, ಪೂರ್ತಿ ಮಾಡಿ ಕೊಡೋಣ ಎಂದುಕೊಂಡೆ. ಅರೆಬರೆ ಕೊಟ್ಟರೆ ಏನು ಚಂದ ಎಂದುಕೊಂಡೆ. ಇದೆಲ್ಲ ನನಗೆ ನಾನೇ ಹೇಳಿಕೊಂಡ ನೆಪ. ನಿಜ ಏನೆಂದರೆ, ಕೊಡಬೇಕಾದರೆ ಯಾವುದರಿಂದ ಕೆಟ್ಟಿತ್ತು ಎಂದು ಹೇಳಬೇಕಿತ್ತು. "ನಿನ್ನ ಗಂಧ ಅಲ್ಲ ಅತ್ತೆ, ನನ್ನ ರುಜು" ಎನ್ನಲು ನನ್ನ ನಾಲಗೆ ಏಳುತ್ತಿರಲಿಲ್ಲ. ಸುಳ್ಳು ಹೇಳಿ ಕೊಡುವಷ್ಟು ಧೈರ್ಯವೂ ಇರಲಿಲ್ಲ, ನಿಜ ಹೇಳುವಷ್ಟೂ ಇರಲಿಲ್ಲ. ಆಮೇಲಿನ ಎರಡು ವರ್ಷದಲ್ಲಿ ಐದಾರು ಸಲ ಅವರ ಮನೆಗೆ ಹೋಗಿದ್ದೇನೆ, ಅವರ ಕೈಯ ಮುದ್ದೆ ಉಂಡಿದ್ದೇನೆ. ಪ್ಲೇಯರಿಗೆ ಒಂದು ಟವೆಲ್ ಹೊದಿಸಿಟ್ಟಿದ್ದರು. ಅದರ ಕಡೆ ನಾನು ನೋಡುತ್ತಿರಲಿಲ್ಲ. ಅತ್ತೆಯೂ ಒಂದು ದಿನವೂ ಡಿಸ್ಕಿನ ಸುದ್ದಿ ಎತ್ತಲಿಲ್ಲ. "ಇನ್ನೊಂಚೂರು ಸಾರು ಬಿಟ್ಕೋ" ಎನ್ನುತ್ತಿದ್ದರು. ಮೂರನೆಯ ವರ್ಷ ಜ್ವರದಲ್ಲಿ ಒಂದು ವಾರ ಮಲಗಿ ಹೊರಟುಹೋದರು. ಆ ಹತ್ತೊಂಬತ್ತು ನಿಮಿಷ ನನ್ನ ಆಫೀಸಿನ ಮೇಜಿನ ಡ್ರಾಯರಿನಲ್ಲಿ, ಪಿನ್ನಿನ ಡಬ್ಬದ ಪಕ್ಕ, ಪೆನ್‌ಡ್ರೈವಿನಲ್ಲಿತ್ತು.

ಹೋದ ಭಾನುವಾರ ಕಣ್ಣಿಗೆ ಬೆಳಕು ಹೊಡೆಸಿಕೊಂಡು ಕೂತಿದ್ದವನು ಇದ್ದಕ್ಕಿದ್ದಂತೆ ಎದ್ದು ಅಂಗಿ ಹಾಕಿಕೊಂಡು, ಎಂದೋ ಆಫೀಸಿನಿಂದ ಮನೆಗೆ ತಂದಿಟ್ಟಿದ್ದ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡೆ. ರಾಜಾನುಕುಂಟೆಯ ಮನೆಯಲ್ಲಿ ಈಗ ಲಲಿತ, ಅವಳ ಗಂಡ ಇದ್ದಾರೆ. ಗಂಡ ಡ್ಯೂಟಿಗೆ ಹೋಗಿದ್ದರು. ಲಲಿತ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪೆನ್‌ಡ್ರೈವನ್ನು ಟಿ.ವಿ.ಗೆ ಚುಚ್ಚುವ ಮೊದಲೇ ಎಲ್ಲ ಹೇಳಿಬಿಟ್ಟೆ. ಪೆನ್ನು, ರುಜು, ಬಸವರಾಜರು, ಯಾವುದನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ.

"ಗಂಧದಿಂದ ಅಲ್ಲ ಅಂತ ಅಮ್ಮಂಗೆ ಗೊತ್ತಿತ್ತಲ್ಲೋ" ಎಂದಳು. "ಹಬ್ಬಕ್ಕೆ ಒಂದು ತಿಂಗಳು ಮುಂಚಿಂದಾನೇ ಡಿಸ್ಕಲ್ಲಿ ಅಪ್ಪ ಮಧ್ಯಮಧ್ಯ ತೊದಲ್ತಿದ್ರು. ಸರಿಹೋಗ್ಲಿ ಅಂತಾನೇ ಅಮ್ಮ ಅದನ್ನ ಪೂಜೆಗೆ ಇಟ್ಟಿದ್ದು. ನಿಂಗೆ ಫೋನ್ ಮಾಡ್ತೀನಿ ಅಂದೆ. ಬ್ಯಾಡ, ಆಸೆಯಿಂದ ಮಾಡ್ಕೊಟ್ಟವ್ನೆ, ಕೆಟ್ಟೋಯ್ತು ಅಂದ್ರೆ ನೊಂದ್ಕೋತಾನೆ ಅಂದ್ಳು."

"ಮತ್ತೆ ಆವತ್ತು ನಾನು ಅಷ್ಟು ಜನರ ಮುಂದೆ ಅಂದಾಗ..."

"ನಾನು ಹೇಳೋಕೆ ಹೋದೆ. ಒಳಗೆ ಕರ್ಕೊಂಡೋಗಿ ಸುಮ್ನಿರು ಅಂದ್ಳು."

ಟಿ.ವಿ. ಹಾಕಿದಳು. ಮಾವ ಜಗಲಿಯಲ್ಲಿ ಕೂತು ಮಾತಾಡತೊಡಗಿದರು. ಕಾಲು ನೋಡಿ ಒಪ್ಪಿಕೊಂಡರು. ಒಳಗಿನಿಂದ ಅತ್ತೆ ಕೂಗಿದರು. ತೂತು ಬಂದಾಗ ಮನೆಯೂ ಸುಮ್ಮನಾಗುತ್ತಿತ್ತು, ಮತ್ತೆ ಮಾತು ಬರುತ್ತಿತ್ತು. ಲಲಿತ ಸುಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಮುಗಿದ ಮೇಲೆ ಟಿ.ವಿ. ಆರಿಸಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

"ಇದು ಯಾವಾಗಿಂದ ಇತ್ತು ನಿನ್ನತ್ರ?"

"ಅತ್ತೆ ಇದ್ದಾಗಿಂದ."

ಅವಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕಾಯಿ ಸುಲಿಯತೊಡಗಿದಳು.

"ಇಷ್ಟೇ ಸಾಕಾಗ್ತಿತ್ತು ಕಣೋ ಅವಳಿಗೆ."