ಒಪ್ಪತ್ತು ಎಂಬ ಉತ್ತರ

ಎಪ್ಪತ್ತರ ದಶಕದಲ್ಲಿ ನಾವು ಕೆಲವರು ಇಂಡಿ, ಸಿಂದಗಿ ತಾಲೂಕುಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮುದುಕರನ್ನು ತೂಗುತ್ತಿದ್ದೆವು. ತೂಕ, ತೋಳಿನ ಸುತ್ತಳತೆ, ದಿನಕ್ಕೆ ಎಷ್ಟು ಸಲ ಊಟ ಎಂಬ ಪ್ರಶ್ನೆ. ಸೊರಗಿದವರೆಂದು ಕಂಡವರಿಗೆ ತಾಲೂಕಿನ ಡಾಕ್ಟರು ಹಾಲಿನ ಪುಡಿ ಕೊಡುತ್ತಿದ್ದರು. ಆದರೆ ಒಂದು ಷರತ್ತು: ವ್ರತಕ್ಕಾಗಿ ಊಟ ಬಿಟ್ಟವರನ್ನು ಹಸಿದವರೆಂದು ಎಣಿಸಕೂಡದು. ದೇವರ ಹೆಸರು ಹೇಳಿದೊಡನೆ ಹೊಟ್ಟೆ ತುಂಬಿತೆಂದು ನಂಬುವ ಈ ಷರತ್ತು ಅನ್ಯಾಯದ್ದೆಂದು ನಾನು ಆಗಲೇ ಹೇಳಿದ್ದೆ. ಯಾರೂ ಕಿವಿಗೊಡಲಿಲ್ಲ.

ಆಲಮೇಲಕ್ಕೆ ಹೋಗುವ ಬಸ್ಸಿನ ದಾರಿಯ ಒಂದು ಹಳ್ಳಿಯಲ್ಲಿ ಆ ಮುದುಕಿಯನ್ನು ಕಂಡೆ. ಗಂಡ ತೀರಿಹೋಗಿದ್ದ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಆಕೆ ನಕ್ಕಳು.

“ಸಂತಿಗಿ ಒಯ್ದು ಮಾರಾಕಿ ಏನು ತಂಗಿ ನನ್ನ? ಬೆಲಿ ಬರೂದಿಲ್ಲ ನೋಡು.”

ಆಕೆಯ ತೋಳನ್ನು ಹಿಡಿದೆ. ನನ್ನ ಹೆಬ್ಬೆರಳೂ ನಡುಬೆರಳೂ ಅದನ್ನು ಸುತ್ತಿ ಒಂದನ್ನೊಂದು ಮುಟ್ಟಿದವು.

“ದಿನಕ್ಕ ಎಷ್ಟ ಸಲ ಉಣ್ತೀರಿ ಆಯಿ?”

“ಒಪ್ಪತ್ತು ಹಿಡದೇನಿ. ಸಂಜಿಗೊಮ್ಮಿ ಅಷ್ಟ.”

ಒಪ್ಪತ್ತೆಂದರೆ ದೇವರಿಗೆ ಮಾತು ಕೊಟ್ಟು ಒಂದೇ ಹೊತ್ತು ಉಣ್ಣುವುದು. ಯಾವ ವಾರ ಎಂದು ಕೇಳಿದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಉತ್ತರಿಸಿದಳು:

“ಏಳೂ ವಾರರೀ ಅಕ್ಕಾರ. ದೇವರಿಗೆ ಬ್ಯಾಸರಾತು, ನಮ್ಮ ಅತ್ತಿಯವರಿಗಿ ಆಗವಲ್ದು.”

ಆ ಕೊಂಕಿನಲ್ಲಿ ಹೆಮ್ಮೆಯೂ ಇತ್ತು. ಸೋಮವಾರಗಳಂದು ಓಣಿಯ ಹೆಂಗಸರು ಬಂದು ಮುದುಕಿಯ ಪಾದ ಮುಟ್ಟಿ ಹೋಗುತ್ತಿದ್ದರು.

ಸೊಸೆ ನೀರಿಗೆ ಹೋದ ಮೇಲೆ, ಇದು ಯಾವಾಗಿನಿಂದ ಎಂದು ಕೇಳಿದೆ. ಆಕೆ ಉತ್ತರದ ಬದಲು ಬಾಯಿ ತೆರೆದಳು. ಒಸಡಷ್ಟೇ ಉಳಿದಿತ್ತು.

“ಹಲ್ಲು ಹೋದಾಗಿಂದ. ಮುಂಜಾನಿ ಒಣಗಿದ ಕಟಿರೊಟ್ಟಿ ಕಡ್ಯಾಕ ಆಗೂದಿಲ್ಲ. ಸಂಜಿಗಿ ಬಿಸಿರೊಟ್ಟಿ ಸಾರಿನ್ಯಾಗ ನೆನಿಸಿ ನುಂಗ್ತೇನಿ.”

“ಸೊಸಿಗಿ ಹೇಳಿದ್ರ ಒಂದೀಟು ನುಚ್ಚು ಕುದಿಸಿ ಕೊಡ್ತಿರಲಿಲ್ಲೇನು?”

“ಗಂಡ ಸತ್ತಾಕಿ ಬಾಯಿಬಿಟ್ಟು ಕೂಳು ಕೇಳೂದು ಚಂದ ಅಲ್ಲ ತಂಗಿ. ಒಪ್ಪತ್ತಂದ್ರ ಯಾರೂ ಏನೂ ಕೇಳೂದಿಲ್ಲ.”

ವಿಧವೆ ತನ್ನ ಹಸಿವನ್ನು ಹೇಳಿಕೊಳ್ಳುವುದೇ ನಾಚಿಕೆಗೇಡೆಂದು ಕಲಿಸಿದ ಸಮಾಜ, ಅವಳು ಆ ಹಸಿವಿಗೆ ದೇವರ ಹೊದಿಕೆ ಹೊದಿಸಿದೊಡನೆ ಕಾಲಿಗೆರಗುತ್ತದೆ. ಇದಕ್ಕಿಂತ ನಯವಾದ ಕ್ರೌರ್ಯವನ್ನು ನಾನು ಕಂಡಿಲ್ಲ.

ಆಕೆಯನ್ನು ಒಪ್ಪಿಸಿ ಸೊಸೆಗೆ ವಿಷಯ ತಿಳಿಸಿದೆ. ಅವಳು ಕೊಡ ಇಳಿಸಿ ಅಲ್ಲೇ ಕುಳಿತಳು.

“ನಾ ಏನ್ ವೈರಿ ಆಗಿದ್ನೇನತ್ತಿ? ನುಚ್ಚು ಕುದಸಾಕ ಎಷ್ಟರ ಹೊತ್ತು ಬೇಕ?”

ಮರುದಿನ ಮುಂಜಾನೆಯೇ ಜೋಳದ ನುಚ್ಚು, ಮಜ್ಜಿಗೆ ಬಂದವು. ಮುದುಕಿ ಮುಟ್ಟಲಿಲ್ಲ.

“ಓಣಿ ಮಂದಿ ಕಾಲು ಮುಟ್ಟ್ಯಾರ. ಈಗ ಬಿಟ್ರ ಅವರೆಲ್ಲಾರ್ಗೂ ಸುಳ್ಳು ಹೇಳಿದಂಗಲ್ಲೇನು?”

ಹಾಲಿನ ಪುಡಿಗಾಗಿ ಡಾಕ್ಟರೊಡನೆ ವಾದಿಸಿದೆ. “ವ್ರತ ಅಂತ ಆಕಿನ ಹೇಳಾಕತ್ತಾಳಲ್ಲರೀ” ಎಂದು ಅವರು ಮುಂದಿನವರನ್ನು ಕರೆದರು. ಷರತ್ತು ಗೆದ್ದಿತು.

ಬೇಸಿಗೆಗೆ ಮೊದಲೇ ಆಕೆ ತೀರಿಕೊಂಡಳು. ನಾನು ಹೋದಾಗ ಒಲೆಯ ಬದಿಯಲ್ಲಿ ನುಚ್ಚಿನ ಗಡಿಗೆ ಬೋರಲಾಗಿತ್ತು. ಸೊಸೆ ಕೊನೆಯ ಮುಂಜಾನೆಯವರೆಗೂ ಕುದಿಸಿ ಮುಚ್ಚಿಡುತ್ತಿದ್ದಳಂತೆ, ಆಕೆ ಸಂಜೆಗಷ್ಟೇ ಉಣ್ಣುತ್ತಿದ್ದಳಂತೆ. ಅಂಗಳದಲ್ಲಿ ಕುಳಿತ ಹೆಂಗಸರು ಒಪ್ಪತ್ತಿನ ಆಯಿ ಪುಣ್ಯವಂತಿ ಎನ್ನುತ್ತಿದ್ದರು. ಇದು ವ್ರತವಲ್ಲ, ಹಸಿವು ಎಂದು ಹೇಳಲು ನಾನು ಎದ್ದು ನಿಂತೆ. ಸೊಸೆ ನನ್ನ ಸೆರಗು ಹಿಡಿದು ಎಳೆದಳು.

“ಬ್ಯಾಡ್ರಿ ಅಕ್ಕಾರ. ಅದೊಂದಾದ್ರೂ ಇರ್ಲಿ ಆಕಿಗೆ.”

ಕುಳಿತುಕೊಂಡೆ. ಮುಂದೆ ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಲ್ಲಿ ಒಪ್ಪತ್ತು ಎಂದವರಿಗೆಲ್ಲ, ತೂಗುವ ಮೊದಲು, ಬಾಯಿ ತೆರೆಯಿರಿ ಎಂದೆ.